ಬೆಕ್ಕಿನಷ್ಟು ಮರಿ

ಉಲ್ಲಾಳದ ಹಳೇ ಊರಿನಲ್ಲಿ ಯಾವ ಮನೆಯ ಹೆಣ್ಣುಮಗಳು ಬಸುರಾದರೂ ಸುದ್ದಿ ಮೊದಲು ಮುಟ್ಟುವುದು ಗಂಡನಿಗೋ ಮುನಿತಾಯಮ್ಮನವರಿಗೋ ಹೇಳುವುದು ಕಷ್ಟ. ಮಾರನೆಯ ಬೆಳಿಗ್ಗೆ ಅವರ ಡಬ್ಬಿ ಆ ಮನೆಯ ಬಾಗಿಲಲ್ಲಿರುತ್ತದೆ. ಹುಳಿಯವಲಕ್ಕಿ, ನುಚ್ಚಿನುಂಡೆ, ಕಾಯಿ ಹೋಳಿಗೆ. ಅವರಿಗೆ ಮಕ್ಕಳಾಗಲಿಲ್ಲ. ಬಸುರಿಗೆ ಬಡಿಸಿದ್ದು ನೇರವಾಗಿ ದೇವರಿಗೇ ಮುಟ್ಟುತ್ತದೆಂದು ನಂಬಿದವರು. ವಾಂತಿ ಬರುತ್ತೆ ಅಂದವರನ್ನೂ ಬಿಡುವುದಿಲ್ಲ.

"ತಿನ್ನೋದು ನೀನಲ್ಲ ಕಣಮ್ಮ, ಒಳಗಿರೋದು," ಅನ್ನುತ್ತಾರೆ.

ಹಾಗಿದ್ದ ಮೇಲೆ ಅವರ ಮನೆಯ ಗೌರಿಯೇ ಗಬ್ಬವಾದಾಗ ಏನಾಗಬಹುದೆಂದು ಗಂಡ ದೊಡ್ಡಹನುಮಯ್ಯ ಊಹಿಸಬೇಕಿತ್ತು. ಗೌರಿ ಗಿಡ್ಡ ಜಾತಿಯ ಕುದುರೆ. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟುಗಳ ಹುಟ್ಟುಹಬ್ಬಗಳಲ್ಲಿ ಮಕ್ಕಳನ್ನು ಹೊತ್ತು ಸುತ್ತು ಹಾಕಿ ಗಂಡಹೆಂಡಿರನ್ನು ಸಾಕುತ್ತಿತ್ತು. ಹೋದ ಸಲದ ಗಬ್ಬ ನಡುವೆಯೇ ಇಳಿದುಹೋಗಿತ್ತು. ಅದಕ್ಕೇ ಈ ಸಲ ಪಶುವೈದ್ಯೆ ದೀಪ್ತಿ ಸ್ಕ್ಯಾನಿಂಗ್ ಮೆಷಿನ್ನನ್ನು ಸ್ಕೂಟರಿನಲ್ಲಿಟ್ಟುಕೊಂಡು ಬಂದರು.

ಪರದೆಯಲ್ಲಿ ಕಪ್ಪಗೆ ಒಂದು ಗುಂಡು ಕಾಣಿಸಿತು.

"ಇದು ಮರಿಯ ಕಣ್ಣು. ಆಗಾಗ ಇದರ ಅಗಲ ಅಳೆದ್ರೆ ಮರಿ ಸರಿಯಾಗಿ ಬೆಳೀತಿದೆಯಾ ಅಂತ ಗೊತ್ತಾಗುತ್ತೆ."

ಮುನಿತಾಯಮ್ಮ ಪರದೆಗೆ ಕೈ ಮುಗಿದರು. "ಎಷ್ಟು ದೊಡ್ಡದಿದೆ ಮೇಡಂ?"

"ಈಗ ಬೆಕ್ಕಿನಷ್ಟಿರಬಹುದು. ಇಷ್ಟೇ ಇರಬೇಕು."

ಎರಡನೇ ಮಾತನ್ನು ಮುನಿತಾಯಮ್ಮನವರ ಕಿವಿ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ಅಷ್ಟು ದೊಡ್ಡ ಹೊಟ್ಟೆಯಲ್ಲಿ ಬರೀ ಬೆಕ್ಕಿನಷ್ಟು ಮರಿಯಂತೆ, ಪಾಪ.

ಮುನಿತಾಯಮ್ಮನ ಕೈಯಲ್ಲಿ ಉಂಡು ಹೆತ್ತವರೆಲ್ಲ ಋಣ ತೀರಿಸಲು ಹೊರಟರು. ಜಗದಾಂಬಾ ಬೆಲ್ಲದ ಅಚ್ಚು ತಂದರು. ಎದುರುಮನೆಯ ಕುಸುಮಾ ಹೋಳಿಗೆ ತಂದು, ಗೌರಿಯ ಕೊರಳಿಗೆ ಹಸಿರು ಬಳೆಗಳ ಸರವನ್ನೂ ಕಟ್ಟಿದಳು. ಬೇಯಿಸಿದ ಹುರುಳಿ, ರಾಗಿ ಹುರಿಹಿಟ್ಟು ಮುನಿತಾಯಮ್ಮನವರದೇ. ಗೌರಿ ಯಾರ ಮನಸ್ಸನ್ನೂ ನೋಯಿಸಲಿಲ್ಲ. ಎಲ್ಲವನ್ನೂ ತಿಂದಿತು.

ದೀಪ್ತಿ ಮತ್ತೆ ಬರುವಷ್ಟರಲ್ಲಿ ಅದು ಕೆಂಡದ ಮೇಲೆ ಕಾಲಿಟ್ಟಂತೆ ನಡೆಯುತ್ತಿತ್ತು. ಅವರು ಸ್ಕ್ಯಾನ್ ಮಾಡಿದರು, ಗೊರಸು ಮುಟ್ಟಿದರು. ಮುಖ ಗಂಟಾಯಿತು.

"ಮರಿ ಎಷ್ಟಿರಬೇಕೋ ಅಷ್ಟೇ ಇದೆಯಮ್ಮ. ನೀವು ಹಾಕಿದ್ದೆಲ್ಲ ತಾಯಿ ಮೈಗೆ ಹತ್ತಿದೆ. ಈ ಜಾತಿಗೆ ಸಿಹಿ, ಕಾಳು ಜಾಸ್ತಿಯಾದ್ರೆ ಗೊರಸೊಳಗೆ ಊತ ಬರುತ್ತೆ. ನೋಡಿ, ಹೇಗೆ ಸುಡ್ತಿದೆ. ಇದು ಬಿದ್ದರೆ ಮೇಲೇಳಲ್ಲ. ಮರಿನೂ ಹೋಗುತ್ತೆ."

"ನಾವು ಪುಣ್ಯ ಅಂತ..." ಮುನಿತಾಯಮ್ಮ ಬಗ್ಗಿ ಸುಡುವ ಗೊರಸಿನ ಮೇಲೆ ಕೈಯಿಟ್ಟರು.

"ಉಪವಾಸನೂ ಕೆಡವಬೇಡಿ. ನೆನೆಸಿದ ಒಣಹುಲ್ಲು, ನಾನು ಕೊಡೋ ಔಷಧಿ, ಕಾಲಡಿ ಮೆತ್ತಗೆ ಮರಳು. ಬೇರೇನೂ ಬಾಯಿಗೆ ಹೋಗಬಾರದು."

ಅಂದಿನಿಂದ ಜೀವಮಾನವೆಲ್ಲ ಬಡಿಸಿದ ಹೆಂಗಸು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಂದ ತಟ್ಟೆಗಳನ್ನೆಲ್ಲ ವಾಪಸು ಕಳಿಸತೊಡಗಿದರು. ಕುಸುಮಾ ಬಗ್ಗಲಿಲ್ಲ.

"ಅಕ್ಕಾ, ಒಂದೇ ಒಂದು ಹೋಳಿಗೆ. ಅದು ನನ್ನನ್ನೇ ನೋಡ್ತಿದೆ."

"ನೋಡ್ಲಿ ಬಿಡು."

"ನಂಗೆ ವಾಂತಿ ಬಂದ್ರೂ ತುರುಕಿದ್ರಿ! ನಿಮ್ಮನೇ ಬಸುರಿ ಬಾಯಿಗೆ ಬೀಗನಾ?"

"ನೀನು ಕುದುರೆಯಲ್ಲವಲ್ಲೇ," ಅಂದರು ಮುನಿತಾಯಮ್ಮ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಕುಸುಮಾ ತಟ್ಟೆ ಎತ್ತಿಕೊಂಡು ಹೋದವಳು ಮಾತು ಬಿಟ್ಟಳು. ಸೊಸೆಯಿದ್ದಿದ್ದರೆ ಈಕೆ ಎಂಥಾ ಅತ್ತೆಯಾಗುತ್ತಿದ್ದಳು ಎಂದು ಬೀದಿ ಈಗ ನಿರ್ಧರಿಸಿತ್ತು. ಮುನಿತಾಯಮ್ಮ ರಾಮನಾಮ ಹೇಳಿಕೊಳ್ಳುತ್ತಾ ಹುಲ್ಲು ನೆನೆಸಿದರು. ಗೊರಸು ಮೆಲ್ಲಗೆ ತಣ್ಣಗಾಯಿತು. ಸ್ಕ್ಯಾನಿನಲ್ಲಿ ಮರಿಯ ಕಣ್ಣು ಆಗಬೇಕಾದಷ್ಟೇ ದೊಡ್ಡದಾಗುತ್ತಾ ಬಂತು.

ಗೌರಿ ಈದ ಬೆಳಿಗ್ಗೆ ಇಡೀ ಬೀದಿ ನೆರೆಯಿತು. ಮರಿ ಕಡ್ಡಿಯಂಥ ಕಾಲುಗಳನ್ನು ಒಂದೊಂದಾಗಿ ಊರಿ, ಎರಡು ಸಲ ಬಿದ್ದು, ಎದ್ದು ನಿಂತು ಮೊಲೆಗೆ ಬಾಯಿ ಹಾಕಿತು. ಮಾತು ಬಿಟ್ಟಿದ್ದ ಕುಸುಮಾ ಮುಂದೆ ಬಂದು ಗೇಣಿನಲ್ಲಿ ಮರಿಯ ಎತ್ತರ ಅಳೆದಳು.

"ಹೊಟ್ಟೆ ತುಂಬ ಹಾಕಿದ್ದಿದ್ರೆ ಇನ್ನೊಂದು ಗೇಣು ಎತ್ತರ ಇರ್ತಿತ್ತು," ಅಂದಳು.

"ಇರ್ತಿತ್ತೇನೋ ಕಣೇ," ಅಂದರು ಮುನಿತಾಯಮ್ಮ, ಮರಿಯ ಮೈ ಒರೆಸುತ್ತಾ.