ಎರಡು ಬೈಕು, ಒಂದು ಚೊಂಬು ನೀರು

ಅವರ ಎಡಗಿವಿಯ ಮುಂದೆ ನಾಣ್ಯದಗಲದ ಕಪ್ಪು ಗುರುತೊಂದು ಇರುತ್ತಿತ್ತು. ಬಲಗಿವಿಯೂ ಆಗಿರಬಹುದು, ಆಣೆ ಮಾಡಿ ಹೇಳಲಾರೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹಿಡಿಗೆ ಮೆತ್ತಿದ ಗ್ರೀಸು ಅಲ್ಲಿ ಮುದ್ರೆ ಒತ್ತುತ್ತಿತ್ತು. ಸ್ನಾನ ಮಾಡಿ ಮದುವೆ ಮನೆಗೆ ಬಂದಾಗಲೂ ಅದು ಹೋಗುತ್ತಿರಲಿಲ್ಲ. ಇದನ್ನು ಬರೆಯುವಾಗ ಇನ್ನೂ ಕೆಲವು ವಿವರ ತಪ್ಪಿರಬಹುದು. ಒಂದನ್ನಂತೂ ನಾನೇ ಅನುಮಾನಿಸುತ್ತೇನೆ. ಅದು ಬಂದಾಗ ಹೇಳುತ್ತೇನೆ.

ನಾವು ಅವರನ್ನು ಗ್ಯಾರೇಜು ಮಾವ ಎನ್ನುತ್ತಿದ್ದೆವು. ಸಂಬಂಧವೇನೂ ಇರಲಿಲ್ಲ. ಪಾಂಡವಪುರದ ಅಂಚಿನಲ್ಲಿ, ನಾಲೆಯ ಏರಿ ಹತ್ತುವ ಜಾಗದಲ್ಲಿ ಅವರ ತಗಡಿನ ಗ್ಯಾರೇಜು, ಅದರ ಹಿಂದೆಯೇ ನಮ್ಮ ಮನೆ. ತೊಂಬತ್ತರ ದಶಕದ ನಡುವಿನಲ್ಲಿ ಸುತ್ತಲಿನ ಊರುಗಳಲ್ಲಿ ಸೈಕಲ್ಲು ಬಿಟ್ಟು ಬೈಕು ಕೊಳ್ಳುವವರು ಹೆಚ್ಚಾದರು. ಶೋರೂಮಿಗೆ ಹೋಗುವ ಮೊದಲು ಅವರೆಲ್ಲ ಮಾವನ ಬಳಿ ಬಂದು, "ಯಾವ್ದು ತಗಳ್ಳಿ?" ಎಂದು ಕೇಳುತ್ತಿದ್ದರು.

ಮಾವ ಬಾಯಲ್ಲಿ ಉತ್ತರ ಹೇಳಿದ್ದನ್ನು ನಾನು ಕಾಣೆ. "ಎರಡೂ ಗಾಡಿ ತಂದು ನಿಲ್ಸು" ಎನ್ನುತ್ತಿದ್ದರು. ಹಾಲಿನ ಕ್ಯಾನಿಗೆ ಕಂಠದವರೆಗೆ ನೀರು ತುಂಬಿ, ಮುಚ್ಚಳ ಹಾಕದೆ ಹಿಂದಿನ ಕ್ಯಾರಿಯರಿಗೆ ಕಟ್ಟಿ, ಏರಿಯ ಮೇಲೆ ತೂಬಿನ ತಿರುವಿನವರೆಗೆ ಹೋಗಿ ಬರುತ್ತಿದ್ದರು. ಆಮೇಲೆ ಇನ್ನೊಂದು ಬೈಕು, ಅದೇ ಕ್ಯಾನು, ಅದೇ ದಾರಿ. ಬಂದ ಮೇಲೆ ಎಷ್ಟು ನೀರು ಉಳಿಯಿತೆಂದು ಬೆರಳಿನ ಗೆಣ್ಣಿನಲ್ಲಿ ಅಳೆಯುತ್ತಿದ್ದರು. ಮೈಲೇಜು, ಪಿಕಪ್ಪು ಎಂದು ಯಾರಾದರೂ ಬಾಯಿ ತೆಗೆದರೆ ಒಂದೇ ಮಾತು: "ಓಡೋದು ಎಲ್ಲಾ ಗಾಡೀನೂ ಓಡ್ತವೆ ಕಣ್ಲಾ. ನಿಲ್ಲೋದು ಎಂಗೆ ಅಂತ ಕೇಳು."

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಕ್ಕನಿಗೆ ಮಾಕವಳ್ಳಿ ಕಡೆಯ ಗಂಡು ಗೊತ್ತಾಯಿತು. ಕಬ್ಬಿನ ಜಮೀನಿದ್ದ ಮನೆ. ಒಪ್ಪಿಗೆಯ ಶಾಸ್ತ್ರವೂ ಆಗಿತ್ತು. ಗಂಡಿಗೆ ಬೈಕು ಕೊಡಬೇಕೆಂಬ ಮಾತಿತ್ತು, ಯಾವ ಬೈಕು ಎಂಬುದಷ್ಟೇ ಉಳಿದಿತ್ತು. ಗಂಡಿಗೆ ಕೆಂಪು ಬಣ್ಣದ ಎರಡು ಸ್ಟ್ರೋಕಿನ ಗಾಡಿಯ ಮೇಲೆ ಕಣ್ಣು. ಅಪ್ಪನಿಗೆ ಹಾಲಿನ ಡೈರಿ ಸೆಕ್ರೆಟರಿ ಇಟ್ಟುಕೊಂಡಿದ್ದಂಥ ಕಪ್ಪು ಬಣ್ಣದ ನಾಲ್ಕು ಸ್ಟ್ರೋಕಿನದು ಸರಿ ಅನ್ನಿಸಿತ್ತು. ಬೀಗರ ಮುಂದೆ ಮಾತು ಬೆಳೆಸುವುದು ಬೇಡವೆಂದು ಅಪ್ಪ, "ಮಾವನೇ ನೋಡಿ ಹೇಳಲಿ" ಎಂದರು.

ಅಕ್ಕ ಆಗ ಬರಲಿರುವ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಟ್ಟೆಯ ಕವರು ಹೊಲಿಯುತ್ತಿದ್ದಳು. ಬಿಳಿ ಬಟ್ಟೆಯ ಅಂಚಿಗೆ ಕಸೂತಿ. ನಾನು ಹೊರಡುವಾಗ ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ, "ಯಾವ ಬಣ್ಣ ಆಯ್ತು ಅಂತ ನೋಡ್ಕಂಡ್ ಬಾರೆ, ದಾರ ತರ್ಬೇಕು" ಎಂದಳು.

ಭಾನುವಾರ ಬೆಳಿಗ್ಗೆ ಗಂಡು ಗೆಳೆಯನ ಕೆಂಪು ಬೈಕಿನಲ್ಲಿ ಬಂದ. ಹಿಂದಿನ ಜೇಬಿನಲ್ಲಿ ಬಾಚಣಿಗೆ. ಸೆಕ್ರೆಟರಿಯ ಕಪ್ಪು ಬೈಕು ಆಗಲೇ ಬಂದು ನಿಂತಿತ್ತು.

"ಇದ್ರ ಪಿಕಪ್ ನೋಡಿ ಮಾವ, ಮೂರ್ನೇ ಗೇರಲ್ಲೇ ಬಸ್ಸು ಹಿಂದಾಕ್ತದೆ" ಎಂದ ಗಂಡು.

"ಬಸ್ಸು ಹಿಂದಾಕಿ ಎಲ್ಲಿಗ್ ಓಗ್ಬೇಕಪ್ಪ? ಬಸ್ಸು ಬರೋ ಊರ್ಗೇ ತಾನೆ?" ಎಂದರು ಮಾವ. ಅಪ್ಪ ನಕ್ಕರು. ಗಂಡು ನಗಲಿಲ್ಲ. ಅಥವಾ ನಕ್ಕಿದ್ದನೋ ಏನೋ. ನಗಲಿಲ್ಲವೆಂದು ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲ.

ನಾನು ಕ್ಯಾನು ತರಲು ಹೋದಾಗ ಮಾವ ತಡೆದರು. "ಇದು ಹಾಲ್ ಹೊರೋ ಗಾಡಿ ಅಲ್ಲ, ಹೆಣ್ ಕೂರೋ ಗಾಡಿ. ಕ್ಯಾನ್ ಬ್ಯಾಡ. ನೀನೇ ಕುಂತ್ಕೋ ಮಗಾ. ಸೀರೆ ಉಟ್ಟೋರು ಕೂರೋ ಅಂಗೆ, ಒಂದೇ ಕಡೀಕೆ ಕಾಲಾಕ್ಕಂಡು." ನನ್ನ ಬಲಗೈಗೆ ತುಂಬಿದ ಹಿತ್ತಾಳೆಯ ಚೊಂಬು ಕೊಟ್ಟರು. ಎಡಗೈಗೆ ಸೀಟಿನ ಹಿಂದಿನ ಕಂಬಿ.

ಮೊದಲು ಮಾವನೇ ಎರಡನ್ನೂ ಓಡಿಸಿದರು. ಕೆಂಪು ಬೈಕು ಗೇರು ಬೀಳುತ್ತಲೇ ನನ್ನನ್ನು ಹಿಂದಕ್ಕೆ ತಳ್ಳಿತು. ನೀಲಿ ಹೊಗೆ, ಕಿವಿ ಗುಂಯ್ಗುಡುವ ಸದ್ದು. ಆದರೆ ತಿರುವಿನಲ್ಲಿ ಅದು ಹಗುರ. ಮಾವ ಭುಜವನ್ನು ಒಂಚೂರು ವಾಲಿಸಿದರೆ ಸಾಕು, ಮೀನಿನ ಹಾಗೆ ಹೊರಳುತ್ತಿತ್ತು. ಜಲ್ಲಿಯ ಮೇಲೆ ಮಾತ್ರ ಹಿಂದಿನ ಚಕ್ರ ಜಾರುತ್ತಿತ್ತು, ಬ್ರೇಕು ಹಿಡಿದರೆ ಮೂತಿ ಕುಕ್ಕುತ್ತಿತ್ತು. ಕಪ್ಪು ಬೈಕಿಗೆ ಅವಸರವೇ ಇಲ್ಲ. ಕಬ್ಬಿನ ಗಾಡಿಗಳ ಚಕ್ರ ಕೊರೆದ ಹಳ್ಳದಲ್ಲೂ ನೆಲಕ್ಕೆ ಅಂಟಿಕೊಂಡು ಹೋಯಿತು, ತೂಬಿನ ಬಳಿ ತಿರುಗಲು ಮಾತ್ರ ಮೊಂಡು ಮಾಡಿತು. ಕೆಂಪಿನಲ್ಲಿ ಚೊಂಬಿನ ನೀರು ಎರಡು ಗೆಣ್ಣು ಕಡಿಮೆಯಾಯಿತು. ಕಪ್ಪಿನಲ್ಲಿ ಒಂದು.

"ಕೆಂಪುದು ತಿರುಗೋದ್ರಲ್ಲಿ ಮೇಲು. ಕರೀದು ನಿಲ್ಲೋದ್ರಲ್ಲಿ ಮೇಲು" ಎಂದರು ಮಾವ.

"ಅಂಗಂದ್ರೆ ಯಾವ್ದು?" ಎಂದರು ಅಪ್ಪ.

"ತಡೀರಿ ಗೌಡ್ರೆ. ಓಡ್ಸೋರು ನಾನಲ್ವಲ್ಲ."

ಆಮೇಲೆ ಚೊಂಬು ಮತ್ತೆ ತುಂಬಿಸಿ, ನನ್ನನ್ನೇ ಹಿಂದೆ ಕೂರಿಸಿಕೊಂಡು ಗಂಡು ಎರಡನ್ನೂ ಓಡಿಸಿದ. ಕಪ್ಪಿನಲ್ಲಿ ಹೋದದ್ದು ನನಗೆ ಅಷ್ಟಾಗಿ ನೆನಪಿಲ್ಲ. ಕೆಂಪಿನಲ್ಲಿ ಹೋದದ್ದು ನೆನಪಿದೆ, ಅನುಮಾನ ಇರುವುದೂ ಅಲ್ಲೇ. ತೂಬಿನ ತಿರುವಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬಳು ಎದುರಾದಳು. ಅವನು ಹಾರ್ನು ಒತ್ತಿದನೇ ಹೊರತು ಬ್ರೇಕು ಒತ್ತಲಿಲ್ಲ. ಅವಳು ಏರಿಯ ಇಳಿಜಾರಿಗೆ ಜಿಗಿದಳು, ಹೊರೆ ನಾಲೆಗೆ ಬಿತ್ತು. "ಲೇ ಮುದ್ಕಿ, ಕಿವಿ ಕ್ಯೋಳಕಿಲ್ವಾ?" ಎಂದು ಕೂಗಿ, ನನ್ನ ಕಡೆ ತಿರುಗಿ ನಕ್ಕ.

ಇದು ನನ್ನ ನೆನಪು. ಆದರೆ ಅದೇ ದಿನ ನಾನು ಬರೆದ ಡೈರಿ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಇರುವುದು ಇಷ್ಟೇ: "ಎರಡು ಬೈಕು ಓಡಿಸಿದರು. ನನ್ನ ಲಂಗವೆಲ್ಲ ಒದ್ದೆ." ಅಜ್ಜಿ ಇಲ್ಲ. ಹೊರೆಯೂ ಇಲ್ಲ. ಅಂಥ ಸಂಗತಿಯನ್ನು ಹದಿನಾಲ್ಕು ವರ್ಷದ ಹುಡುಗಿ ಬರೆಯದೆ ಬಿಡುತ್ತಾಳೆಯೇ? ಮುಂದೆ ನಡೆದುದಕ್ಕೆ ಕಾರಣ ಬೇಕೆಂದು ಅವಳನ್ನು ನಾನೇ ಏರಿಯ ಮೇಲೆ ತಂದು ನಿಲ್ಲಿಸಿದೆನೇ? ಅಕ್ಕ ಮನೆ ಬಿಟ್ಟು ಹೋಗುವುದು ನನಗೆ ಬೇಕಿರಲಿಲ್ಲ ಎಂಬುದಂತೂ ನಿಜ.

ಗ್ಯಾರೇಜಿಗೆ ಮರಳಿದಾಗ ಚೊಂಬಿನ ತಳದಲ್ಲಿ ಒಂದು ಗುಟುಕು ನೀರಿತ್ತು. ಮಾವ ಬೆರಳು ಇಳಿಸಲೇ ಇಲ್ಲ. ನನ್ನನ್ನು ಸೀಟಿನಿಂದ ಇಳಿಸಿ, "ಎಂಗಿತ್ತು, ಯೋಳವ್ವ" ಎಂದರು. ನಾನು ಏನೋ ಹೇಳಿದೆ. ಅವರು ಚೊಂಬನ್ನು ನೆಲಕ್ಕೆ ಬಗ್ಗಿಸಿ, ಅಪ್ಪನನ್ನು ಗ್ಯಾರೇಜಿನ ಹಿಂದಕ್ಕೆ ಕರೆದುಕೊಂಡು ಹೋದರು. ತಗಡಿನ ಆಚೆಯಿಂದ ನನಗೆ ಕೇಳಿಸಿತು:

"ಗಾಡಿ ಯಾವ್ದಾದ್ರೂ ಕೊಡಿ ಗೌಡ್ರೆ. ಹಿಂದೆ ಕೂರೋರ್ನ ಮಾತ್ರ ಕೊಡಬ್ಯಾಡಿ."

"ಒಪ್ಗೆ ಆಗೋಗದೆ ಕಣಯ್ಯ."

"ಒಪ್ಗೆ ತಾನೆ ಆಗಿರೋದು? ಒಂದ್ ಚೊಂಬು ನೀರು ಕಾಪಾಡಕ್ಕಾಗ್ನಿಲ್ಲ ಅವ್ನ್ಗೆ."

ವಾರದೊಳಗೆ ಸಂಬಂಧ ಮುರಿಯಿತು. ಎರಡೂ ಮನೆಯವರು ಮಾವನನ್ನು ಬೈದರು. ಆ ಕಡೆಯವರು ಗ್ಯಾರೇಜಿನ ಮುಂದೆ ನಿಂತು, "ಸ್ಪ್ಯಾನರ್ ಹಿಡ್ಯೋನ್ಗೆ ಜಾತಕ ಯಾಕ್ಲಾ?" ಎಂದು ಕೂಗಾಡಿದರು. ಮಾವ ಚಕ್ರದ ಕಡ್ಡಿ ಬಿಗಿಯುತ್ತಲೇ ಇದ್ದರು. ಅಕ್ಕ ಮುಗಿಯದ ಕವರನ್ನು ಮಡಚಿಟ್ಟಳು. ಎರಡು ವರ್ಷದ ಮೇಲೆ ಬಿಂಡಿಗನವಿಲೆಗೆ ಮದುವೆಯಾಗಿ ಹೋದಳು. ಭಾವ ಒಳ್ಳೆಯವರು, ನಾಗಮಂಗಲಕ್ಕೆ ಬಸ್ಸಿನಲ್ಲೇ ಓಡಾಡುತ್ತಾರೆ.

ನಾನು ಕಾಲೇಜಿಗೆ ಸೇರಿದಾಗ ಅದೇ ಏರಿಯ ಮೇಲೆ ಮಾವ ನನಗೆ ಮೊಪೆಡ್ಡು ಕಲಿಸಿದರು. "ಒಬ್ಳೇ ಇದ್ರೂ ಹಿಂದೆ ಯಾರೋ ಕೂತವ್ರೆ ಅನ್ಕಂಡು ಓಡ್ಸು" ಎನ್ನುತ್ತಿದ್ದರು. ಇವತ್ತಿಗೂ ತಿರುವು ಬಂದರೆ ನನ್ನ ಬೆನ್ನ ಹಿಂದೆ ಯಾರೋ ಚೊಂಬು ಹಿಡಿದು ಕೂತಂತಾಗುತ್ತದೆ.

ಆ ದಿನಗಳಲ್ಲೇ ಒಮ್ಮೆ ಧೈರ್ಯ ಮಾಡಿ, ಅವತ್ತು ನಾನು ಏನು ಹೇಳಿದೆ, ಅಜ್ಜಿಯ ವಿಷಯ ಹೇಳಿದೆನಾ ಎಂದು ಕೇಳಿದೆ.

"ಯಾವ ಅಜ್ಜಿ?" ಎಂದರು ಮಾವ. "ನೀನೇನೂ ಯೋಳ್ನಿಲ್ಲ ಕಣವ್ವ. ಚೆನ್ನಾಗಿತ್ತು ಅಂದೆ. ನಾನು ನಿನ್ನ ಬೆರಳು ನೋಡ್ದೆ. ಕಂಬಿ ಹಿಡಿದಿದ್ದ ಬೆರಳು ಬಿಳಚ್ಕಂಡಿದ್ವು, ಬುಡಿಸ್ಬೇಕಾಯ್ತು."

ನನ್ನ ಎದೆ ಹಗುರಾಯಿತು. ಮನೆಗೆ ನಡೆದು ಬರುವಷ್ಟರಲ್ಲಿ ಮತ್ತೆ ಭಾರವಾಯಿತು. ನನ್ನ ಹೊರೆ ಇಳಿಸಲೆಂದೇ ಹಾಗೆ ಹೇಳಿದರೋ? ಅಥವಾ ಮಾವನ ಹಿಂದೆ ಕೂತಾಗಲೂ ನನ್ನ ಬೆರಳು ಬಿಳಿಚಿಕೊಂಡೇ ಇತ್ತೋ? ಅದನ್ನು ಯಾರೂ ನೋಡಿರಲಿಲ್ಲ.

ಮಾವ ತೀರಿಕೊಂಡಾಗ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಕಡೆಯ ದಿನಗಳಲ್ಲಿ ಅವರ ಕಿವಿ ಮಂದವಾಗಿತ್ತಂತೆ. ಜನ ಬಾಯಿ ಮಾಡಿ ಮಾತಾಡಬೇಕಿತ್ತು, ಸ್ಕ್ರೂಡ್ರೈವರಿನಿಂದ ಇಂಜಿನ್ನು ಮಾತ್ರ ಕೇಳಿಸುತ್ತಿತ್ತಂತೆ. ನಾನು ತಲುಪುವ ಹೊತ್ತಿಗೆ ಅವರ ಮುಖ ತೊಳೆದಾಗಿತ್ತು. ಕಿವಿಯ ಮುಂದೆ ಗುರುತು ಇರಲಿಲ್ಲ. ಹುಡುಕಿದೆ, ಎರಡೂ ಕಡೆ.

ನಾನು ಕಂಡದ್ದನ್ನು ಸಾಕ್ಷಿಯೆಂದು ಮೊದಲು ಎಣಿಸಿದವರು ಅವರು. ಆ ಋಣ ದೊಡ್ಡದು. ಆದರೆ ಅದೇ ವರ್ಷ ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಮಾಕವಳ್ಳಿ ಕಡೆಯ ಆ ಗಂಡನ್ನು ಕಂಡೆ. ಹಳೆಯ ಸ್ಕೂಟರು, ಹಿಂದೆ ಹೆಂಡತಿ, ಮಡಿಲಲ್ಲಿ ಮಗು. ನಡೆಯುವವರಿಗಿಂತ ತುಸು ಬೇಗ ಹೋಗುತ್ತಿದ್ದ. ಎದುರಿಗೆ ಎತ್ತಿನ ಗಾಡಿ ಬಂದಾಗ ಪಕ್ಕಕ್ಕೆ ಸರಿದು ಪೂರ್ತಿ ನಿಂತ.

ಮುಂದಿನ ವಾರ ಬಿಂಡಿಗನವಿಲೆಗೆ ಹೋದೆ. ಅಕ್ಕನ ಹೊಲಿಗೆ ಯಂತ್ರದ ಮೇಲೆ ಆ ಟ್ಯಾಂಕಿನ ಕವರು ಇತ್ತು. ಬಿಳಿ ಬಟ್ಟೆ, ಮೂರು ಕಡೆ ಮುಗಿದ ಕಸೂತಿ, ಒಂದು ಕಡೆ ಬರೀ ಪೆನ್ಸಿಲ್ ಗೆರೆ. ಸೇತುವೆಯ ಮೇಲೆ ಕಂಡದ್ದನ್ನು ಹೇಳಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವತ್ತು ಮಾವ ಓಡಿಸಿದರು, ಗಂಡು ಓಡಿಸಿದ, ನಾನು ಹಿಂದೆ ಕೂತೆ, ಅಪ್ಪ ತೀರ್ಮಾನ ಮಾಡಿದರು. ಹಿಂದೆ ಕೂರಬೇಕಾದವಳನ್ನು ಯಾರೂ ಒಂದು ಮಾತು ಕೇಳಲಿಲ್ಲವೆಂದು ನನಗೆ ಹೊಳೆದದ್ದು ಆಗ.

"ಅಕ್ಕ, ಅವನ ಗಾಡೀಲಿ ಕೂರೋಕೆ ನಿಂಗೆ ಇಷ್ಟ ಇತ್ತಾ?" ಎಂದು ಕೇಳಿದೆ.

ದಾರದ ತುದಿಯನ್ನು ಒದ್ದೆ ಮಾಡಿಕೊಂಡು, ಅವಳು ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದಳು.