ಮಗಳ ತೊಡೆಯ ಗಂಟು, ಅಣ್ಣನ ಗರಡಿ

ಗರಡಿಯ ಮಟ್ಟಿಯ ಮೇಲೆ ಯಾರೂ ಚಪ್ಪಲಿಗಾಲು ಇಡುವುದಿಲ್ಲ. ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಆ ಕೆಮ್ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಇಳಿಯಬೇಕು. ಹರಿಹರದ ಆ ಗರಡಿಗೆ ನನ್ನ ಅಣ್ಣನೇ ವಸ್ತಾದ, ಕುಸ್ತಿ ಕಲಿಸುವ ಗುರು. ಅವತ್ತು ನಾನು ಗುತ್ತೂರಿನ ವರ್ಕ್‌ಶಾಪಿನಿಂದ ಬೂಟುಗಾಲಲ್ಲೇ ಬಂದು ಅದರ ಮೇಲೆ ನುಗ್ಗಿದೆ. ಆಚೆ ಬದಿಯ ಚಾಪೆಯ ಮೇಲೆ ನನ್ನ ಮಗಳು ಮಲಗಿದ್ದಳು. ಅಣ್ಣ ಅಂಗೈಗೆ ಎಣ್ಣೆ ಸುರಿದುಕೊಳ್ಳುತ್ತಿದ್ದ.

ಹಿಂದಿನ ವರ್ಷ ಅವಳ ತೊಡೆಯಲ್ಲಿ ಗಂಟು ಕಾಣಿಸಿದಾಗ ನಮ್ಮಲ್ಲಿ ಯಾರೂ ಆಸ್ಪತ್ರೆ ಎನ್ನಲಿಲ್ಲ. ಪೈಲ್ವಾನರ ಮನೆತನ ನಮ್ಮದು. ಮೈಯಲ್ಲಿ ಗಂಟೆಂದರೆ ಉಳುಕು, ಉಳುಕೆಂದರೆ ಮಾಲೀಸು. ಖೋಖೋ ಆಡಿ ಕಟ್ಟಿಕೊಂಡಿದೆ ಎಂದು ಅಣ್ಣ ಹೆಬ್ಬೆರಳೂರಿ ತಿಕ್ಕಿದ. ಅವಳು ಕಿರುಚಿ ಚಾಪೆಯ ಅಂಚು ಹರಿದಳು. "ಅಳ್ಲಿ ಬಿಡು, ಒಡೀತೈತೆ" ಎಂದ. ಒಡೆಯಲಿಲ್ಲ, ಮಾವಿನಕಾಯಿಯಷ್ಟು ಬೆಳೆಯಿತು. ಮಕ್ಕಳ ಮಾಂಸಖಂಡಕ್ಕೆ ಬರುವ, ಬಹಳ ರಭಸದ ಕ್ಯಾನ್ಸರ್ ಎಂದರು ದಾವಣಗೆರೆಯ ಡಾಕ್ಟರು.

ಡ್ರಿಪ್ಪಿನ ಔಷಧ ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಹೊಡೆಯಿತು. ಅವಳ ಕೂದಲು ಉದುರಿತು, ಬಾಯಿಯ ಒಳತೊಗಲು ಸುಲಿದುಬಂತು. ಗಂಟನ್ನು ಕೊಯ್ದು ತೆಗೆದರು. ಅದು ಮತ್ತೆ ಬಂತು. ಆಮೇಲೆ ಮಾತ್ರೆ ಶುರುವಾಯಿತು.

"ಜೀವಕೋಶದಾಗೆ ಕೈನೇಸ್ ಅನ್ನೋ ಕಿಣ್ವ ಇರ್ತಾವ್ರಿ, ಸ್ವಿಚ್ ಇದ್ದಂಗೆ" ಎಂದರು ಡಾಕ್ಟರು. "ಈ ಗಂಟಿನಾಗೆ ಅವು ಆಫ್ ಆಗೋದನ್ನೇ ಮರೆತಾವೆ. ಬೆಳಿ, ಬೆಳಿ ಅಂತಾನೇ ಇರ್ತಾವೆ. ಈ ಮಾತ್ರೆ ಅದಕ್ಕೆ ಅಡ್ಡ ಕೂಡ್ತೈತೆ."

"ಆರನೇ ಕ್ಲಾಸಿಗೇ ಸಾಲಿ ಬಿಟ್ಟೋನು ನಾನು" ಎಂದೆ. "ಆದ್ರೂ ಲೇತಿನ ಸ್ವಿಚ್ ಸಿಕ್ಕಿಕೊಂಡ್ರೆ ಏನಾಗ್ತೈತೆ ಅಂತ ಗೊತ್ರಿ ನನಗೆ."

ಹಾಗೆ ನಿಲ್ಲದ ಮಷಿನ್ನು ನಮ್ಮ ಶಾಪಿನಲ್ಲಿ ಒಬ್ಬನ ತೋಳನ್ನು ಅಂಗಿಯ ಸಮೇತ ಸುತ್ತಿ ಮುರಿದದ್ದನ್ನು ಕಣ್ಣಾರೆ ಕಂಡವನು ನಾನು. ಮೂಳೆಯ ಸದ್ದು ಮಷಿನ್ನಿನ ಸದ್ದಿಗಿಂತ ಜೋರಾಗಿತ್ತು.

"ವಾಸಿ ಆಗ್ತೈತೆ ಅಂತ ಮಾತು ಕೊಡಲ್ಲ" ಎಂದರು ಅವರು. "ಬೆಳೆಯೋದು ನಿಂತ್ರೂ ದೊಡ್ಡದೇ. ನೀವಾಗೇ ನಿಲ್ಲಿಸಬ್ಯಾಡ್ರಿ. ಗಂಟನ್ನ ತಿಕ್ಕಂತೂ ತಿಕ್ಕಬ್ಯಾಡ್ರಿ."

ಆ ಮಾತ್ರೆಯಿಂದ ಹೊಸದಾಗಿ ಚಿಗುರಿದ ಕೂದಲು ಬೆಳ್ಳಗಾಯಿತು. ಅಣ್ಣ ಅದನ್ನು ಕಂಡು ಕುದಿದ. ನಾನು ಕೆಲಸಕ್ಕೆ ಹೋದಾಗ ದಾವಣಗೆರೆಯ ಆನೆಕೊಂಡದ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಬೇಡವೆಂದರೂ ಕೇಳದೆ, ಮಗಳನ್ನೂ ಮಾತ್ರೆಯ ಡಬ್ಬಿಯನ್ನೂ ಎತ್ತಿಕೊಂಡು ಹೋಗಿದ್ದ. ಹೆಂಡತಿ ಫೋನಿನಲ್ಲಿ ಅಳುತ್ತಾ ಹೇಳಿದಳು.

ಅದನ್ನು ಕೇಳಿಯೇ ಗರಡಿಗೆ ನುಗ್ಗಿದ್ದ ನಾನು ಅಣ್ಣನ ಎಣ್ಣೆಬಟ್ಟಲನ್ನು ಒದ್ದೆ.

"ಮಟ್ಟಿ ಮ್ಯಾಲೆ ಬೂಟಾ? ನಡಿಯಲೇ ಆಚೆ!"

"ಡಬ್ಬಿ ಕೊಡಣ್ಣ."

"ಕೊಡಲ್ಲ." ಚಾಪೆಯ ಪಕ್ಕದ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. "ಹನ್ನೆರಡು ವರ್ಷಕ್ಕೇ ಕೂಸನ್ನ ಮುದುಕಿ ಮಾಡೀರಲ್ಲೋ! ಇವತ್ತಿಂದ ಬಾದಾಮಿ ಹಾಲು, ಮಾಲೀಸು. ನನ್ನ ಕೈಗೆ ಬಿಚ್ಚದ ಗಂಟು ಐತೇನು?"

ಅವನ ದವಡೆಗೆ ಗುದ್ದಿದೆ. ಅವನು ಅಲುಗಲಿಲ್ಲ. ನನ್ನ ಕತ್ತು ಬಗಲಲ್ಲಿ ಹಿಡಿದು ಎತ್ತಿ ಒಗೆದ. ಬಾಯಲ್ಲಿ ಮಣ್ಣು, ಹಲ್ಲಿನ ಚೂರು. ಎದ್ದೆ, ಮತ್ತೆ ಒಗೆದ. ಎದೆಯ ಮೇಲೆ ಮೊಣಕಾಲೂರಿದಾಗ ಡಬ್ಬಿ ಹಿಡಿದ ಅವನ ಕೈ ನನ್ನ ಮುಖದ ಹತ್ತಿರ ಬಂತು. ಕಚ್ಚಿದೆ. ಗರಡಿಯಲ್ಲಿ ಕಚ್ಚುವುದಕ್ಕಿಂತ ಹೇಸಿಗೆಯ ಕೆಲಸವಿಲ್ಲ. ನಾನು ಬಿಡಲಿಲ್ಲ. ಅವನ ರಕ್ತ ನನ್ನ ಗಂಟಲಿಗಿಳಿಯಿತು.

"ನಾಯಿ ಏನಲೇ ನೀನು!" ಎಂದು ಚೀರಿದ. ಡಬ್ಬಿ ಬಿತ್ತು.

ಮಗಳು ಕುಂಟುತ್ತಾ ಬಂದು ಅದನ್ನು ಎತ್ತಿಕೊಂಡಳು. "ಇಬ್ಬರೂ ಸಾಯೋದಾದ್ರೆ ಆಮ್ಯಾಲೆ ಸಾಯ್ರಿ. ನನ್ನ ಮಾತ್ರೆ ಹೊತ್ತಾತು. ನೀರು ಕೊಡು, ದೊಡ್ಡಪ್ಪ."

ಅಣ್ಣ ಕದಲಲಿಲ್ಲ. "ನಿನ್ನ ಕೂದ್ಲು..."

"ಕೂದಲಿಗೆ ಕಪ್ಪು ಕೊಡೋ ಸ್ವಿಚ್ಚೂ ಈ ಮಾತ್ರೆ ಕೈಗೆ ಸಿಕ್ಕೈತಂತೆ. ಡಾಕ್ಟ್ರು ಮೊದ್ಲೇ ಹೇಳಿದ್ರು. ಬೆಳ್ಳಗಾದ್ರೆ ಆಗ್ಲಿ. ಹೋದ ಸಲ ನೀನು ತಿಕ್ಕಿದ್ದು ನನಗೆ ಇನ್ನೂ ಕನಸಿನಾಗೆ ಬರ್ತೈತೆ."

ಅಣ್ಣ ಚೊಂಬಿನಲ್ಲಿ ನೀರು ತಂದ. ಕೈಯ ರಕ್ತ ಚೊಂಬಿನ ಹೊರಗಡೆ ಇಳಿಯುತ್ತಿತ್ತು. ಅವಳು ನುಂಗಿದಳು.

"ಇಷ್ಟು ಸಣ್ಣ ಮಾತ್ರೆ ಅದನ್ನ ಹಿಡೀತೈತೇನವ್ವಾ?"

"ಗೊತ್ತಿಲ್ಲ. ಸ್ಕ್ಯಾನ್ ಆಗ್ಲಿ."

ಅವಳನ್ನು ನನ್ನ ಬೈಕಿನ ತನಕ ನಡೆಸಲು ಅಣ್ಣ ಕೈ ಚಾಚಿದ. ಅವಳು ಹಿಂದಕ್ಕೆ ಸರಿದಳು. ನಾನು ಕಚ್ಚಿದ ನೋವಿಗೂ ಕುಗ್ಗದ ಮನುಷ್ಯ ಆಗ ಮಟ್ಟಿಯ ಮೇಲೇ ಕುಸಿದು ಕುಳಿತ.