ಅಂಧೇರಿಯ ಹಿಮದಲ್ಲಿ ಕಸ್ತೂರಿಬಾಯಿ

ಕಸ್ತೂರಿಬಾಯಿಗೆ ದಣಿವು ಹೊಸದೇನಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಇಂಡಿ ತಾಲೂಕಿನ ಹಳ್ಳಿಯಿಂದ ಗಂಡ ಭೀಮರಾಯನ ಹಿಂದೆ ಮುಂಬಯಿಗೆ ಬಂದವಳು, ಇಪ್ಪತ್ಮೂರು ವರ್ಷ ಕಟ್ಟಡಗಳ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತಿದ್ದಳು. ಆ ದಣಿವು ಊಟ ಮಾಡಿ ಕಾಲು ಚಾಚಿದರೆ ಅರ್ಧ ಇಳಿಯುತ್ತಿತ್ತು. ಈಗಿನದು ಹಾಗೆ ಇಳಿಯುವಂಥದಲ್ಲ. ಅಂಧೇರಿಯ ಮಾಲ್ ಒಂದರ ಮೂರನೆಯ ಮಹಡಿಯಲ್ಲಿ, ಶೂನ್ಯಕ್ಕಿಂತ ಐದು ಡಿಗ್ರಿ ಕೆಳಗಿರುವ ದೊಡ್ಡ ಕೋಣೆಯೊಳಗೆ, ಯಂತ್ರ ಉದುರಿಸಿದ ಹಿಮದ ಮೇಲೆ ಅವಳ ಕೆಲಸ. ಹೊರಗೆ ಬಂದರೆ ಬೆವರು, ಒಳಗೆ ಹೋದರೆ ಹಲ್ಲು ಕಟಕಟ. ದಿನಕ್ಕೆ ಇಪ್ಪತ್ತು ಮೂವತ್ತು ಸಲ ಈ ಬಾಗಿಲು ದಾಟಿ ದಾಟಿ, ನಲವತ್ತಾರಕ್ಕೇ ಅವಳ ಮೊಣಕಾಲು ಅರವತ್ತರ ಮುದುಕಿಯದಾಗಿತ್ತು.

ಅವಳು ಅಲ್ಲಿಗೆ ಸೇರಿದ್ದೂ ಮೊಣಕಾಲಿನ ದೆಸೆಯಿಂದಲೇ. ಐದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಲಗೆಯ ಏರಿನ ಮೇಲೆ ಬುಟ್ಟಿ ಹೊತ್ತು ನಿಂತಾಗ ಕಾಲು ಮಡಚಿಕೊಂಡಿತು. ಬಿದ್ದದ್ದು ಮರಳಿನ ಮೇಲೆ, ಹಾಗಾಗಿ ಉಳಿದಳು. ಇನ್ನು ಭಾರ ಹೊರುವುದು ಆಗದು ಎಂದು ಗೊತ್ತಾದ ಮೇಲೆ ಜೋಗೇಶ್ವರಿಯಲ್ಲಿ ಅವರಿದ್ದ ಚಾಳಿನ ಸಾಲುಮನೆಯ ಹೆಂಗಸೊಬ್ಬಳು ಮಾಲಿನ ಕೆಲಸದ ಸುದ್ದಿ ಹೇಳಿದಳು. ಹಿಮದ ಪಾರ್ಕು ಆಗ ಹೊಸದು. ಬಂದವರಿಗೆ ದಪ್ಪ ಜಾಕೆಟ್ಟು, ಗಮ್‌ಬೂಟು, ಕೈಗವಸು ಕೊಡುವ ಕೌಂಟರಿನಲ್ಲಿ ಅವಳನ್ನು ನಿಲ್ಲಿಸಿದರು. ಅಲ್ಲಿ ಎಲ್ಲರೂ ಅವಳನ್ನು ಮರಾಠಿಯಲ್ಲಿ ಮೌಶಿ, ಚಿಕ್ಕಮ್ಮ, ಎಂದೇ ಕರೆಯತೊಡಗಿದರು.

ಮೊದಲ ಸಲ ಒಳಗೆ ಹೋದದ್ದು ಕಸ ಗುಡಿಸಲು. ಟಿವಿಯಲ್ಲಿ ಹಿಮ ನೋಡಿದ್ದಳು, ಚೆಂದವಿರುತ್ತದೆ ಅಂದುಕೊಂಡಿದ್ದಳು. ಬಾಗಿಲು ತೆರೆದದ್ದೇ ಮೂಗಿನೊಳಗಿನ ಕೂದಲು ಸೆಟೆದುಕೊಂಡವು, ಚಪ್ಪಲಿಯ ಕೆಳಗೆ ನೆಲ ಜಾರಿತು. ಅವಳಿಗೆ ಆನಂದವೂ ಆಗಲಿಲ್ಲ, ಆಶ್ಚರ್ಯವೂ ಆಗಲಿಲ್ಲ. ಹೊರಗೆ ಹೋಗಬೇಕು ಅನ್ನಿಸಿತು, ಅಷ್ಟೇ. ಆ ಅನ್ನಿಸಿಕೆಯನ್ನು ಅವಳು ಮರೆಯಲಿಲ್ಲ. ಮುಂದೆ ಅವಳ ಕೆಲಸಕ್ಕೆ ಬಂದದ್ದು ಅದೇ.

ಪಾರ್ಕಿನ ಮ್ಯಾನೇಜರ್ ಅಕ್ಷಯ ಕಾರ್ಕಳ ಕಡೆಯವನು. ಅಪ್ಪನದು ಬಾಂದ್ರಾದಲ್ಲಿ ಹೋಟೆಲು. ಮೂವತ್ತು ದಾಟದ ಈ ಹುಡುಗನಿಗೆ ಆಗ ಒಂದೇ ಚಿಂತೆ: ಬಂದ ಕುಟುಂಬಗಳು ಹತ್ತು ನಿಮಿಷಕ್ಕೇ ಹೊರಟುಹೋಗುತ್ತಿದ್ದವು. ಹಾಡು ಹಾಕಿಸಿದ, ಒಬ್ಬನಿಗೆ ಕರಡಿ ವೇಷ ಹಾಕಿಸಿ ಕುಣಿಸಿದ, ಬಣ್ಣದ ದೀಪ ಕಟ್ಟಿಸಿದ. ಆದರೂ ಮಕ್ಕಳು ಬಾಗಿಲಲ್ಲೇ ಅಳುತ್ತಿದ್ದರು, ತಂದೆಯರು ಫೋಟೋ ತೆಗೆಯುತ್ತ "ನಗು, ನಗು" ಅನ್ನುತ್ತಿದ್ದರು, ತಾಯಂದಿರು ಗಡಿಯಾರ ನೋಡುತ್ತಿದ್ದರು. ಕೌಂಟರಿಗೆ ಜಾಕೆಟ್ಟುಗಳು ಒಂದಿಷ್ಟೂ ಒದ್ದೆಯಾಗದೆ ಹಿಂದಿರುಗುತ್ತಿದ್ದವು. ಅವನ್ನು ತೂಗುಹಾಕುವಾಗ ಕಸ್ತೂರಿಬಾಯಿಗೆ ಒಂದು ವಿಷಯ ಹೊಳೆಯಿತು. ಯಾರೂ ಬಿದ್ದಿಲ್ಲ. ಬೀಳದೆ ಹಿಮದಲ್ಲಿ ಆಡುವುದು ಹೇಗೆ?

ಒಂದು ಶನಿವಾರ ಪ್ರಫುಲ್ಲಾ ಎಂಬ ಉಡುಪಿ ಕಡೆಯ ಹೆಂಗಸು, ಏಳು ವರ್ಷದ ಮಗಳು ಹರಿಣಿಯನ್ನು ಹುಟ್ಟಿದ ಹಬ್ಬಕ್ಕೆಂದು ಕರೆತಂದಳು. ಹುಡುಗಿ ಜಾಕೆಟ್ಟು ಹಾಕಿಕೊಂಡಳು, ಬೂಟು ಹಾಕಿಕೊಂಡಳು. ಒಳಗಿನ ಚಳಿಗಾಳಿ ಮುಖಕ್ಕೆ ಬಡಿದದ್ದೇ ಕೌಂಟರಿನ ಕಂಬ ಅಪ್ಪಿಕೊಂಡು ನಿಂತುಬಿಟ್ಟಳು. ಇಷ್ಟು ದೂರ ಬಂದು ಹೀಗೆ ಮಾಡುತ್ತೀಯಾ ಎಂದು ತಾಯಿ ಕನ್ನಡದಲ್ಲೇ ಗದರಿದಳು. ಹಿಂದೆ ಸಾಲು ಬೆಳೆಯಿತು.

ಕಸ್ತೂರಿಬಾಯಿ ಕೌಂಟರ್ ಬಿಟ್ಟು ಹೊರಬಂದು ಹುಡುಗಿಯ ಎದುರು ಕುಕ್ಕರುಗಾಲಲ್ಲಿ ಕೂತಳು.

"ನನಗೂ ಹೆದರಿಕಿ ಅದ. ಇಬ್ರೂ ಕೂಡೇ ಹೋಗೂಣು, ಕೂಡೇ ಬೀಳೂಣು. ನಡೀತದೇನು?"

ಹರಿಣಿಗೆ ಕನ್ನಡ ತಿಳಿಯುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಬಿದ್ದರೆ ನೋವಾಗುತ್ತದಾ ಎಂದು ಹಿಂದಿಯಲ್ಲಿ ಕೇಳಿದಳು. ಸ್ವಲ್ಪ ಆಗುತ್ತದೆ, ಕುಂಡೆ ತಣ್ಣಗಾಗುತ್ತದೆ ಎಂದು ಕಸ್ತೂರಿಬಾಯಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಹುಡುಗಿ ಕಂಬ ಬಿಟ್ಟಳು. ಇಬ್ಬರೂ ಕೈ ಹಿಡಿದು ಒಳಗೆ ಹೋದರು. ಇಳಿಜಾರಿನ ಬುಡದಲ್ಲಿ, ಒದ್ದೆ ಹಲಗೆ ಏರುವಾಗ ಕಟ್ಟಡದ ಕೆಲಸದಲ್ಲಿ ಹೇಗೆ ಹೆಜ್ಜೆ ಇಡುತ್ತಿದ್ದಳೋ ಹಾಗೆ, ಪಾದ ಅಡ್ಡ ಹಾಕಿ, ಮೊಣಕಾಲು ಸಡಿಲ ಬಿಟ್ಟು ಏರಲು ಕಸ್ತೂರಿಬಾಯಿ ಅವಳಿಗೆ ತೋರಿಸಿದಳು. ನಾಲ್ಕು ಹೆಜ್ಜೆಗೆ ಇಬ್ಬರೂ ಬಿದ್ದರು. ಹರಿಣಿ ಬಿಕ್ಕಳಿಕೆ ಬರುವಷ್ಟು ನಕ್ಕಳು.

ತಾಯಿ ದೂರದಲ್ಲಿ ಫೋನು ಹಿಡಿದು ನಿಂತಿದ್ದಳು. ಕಸ್ತೂರಿಬಾಯಿ ಬಿದ್ದಲ್ಲಿಂದಲೇ ಹೇಳಿದಳು: "ಅಕ್ಕಾರ, ಫೋನ ಒಳಗಿಡ್ರಿ. ನೀವೂ ಒಂದ್ಸಲ ಬೀಳ್ರಿ. ತಾಯಿ ಬಿದ್ದದ್ದು ನೋಡಿದ್ರ ಕೂಸಿಗೆ ಧೈರ್ಯ ಬರತದ."

ಪ್ರಫುಲ್ಲಾ ಬಿದ್ದಳು. ಆ ತಾಯಿ ಮಗಳು ಟಿಕೆಟ್ಟಿನ ಒಂದು ಗಂಟೆ ಪೂರ್ತಿ ಒಳಗೇ ಇದ್ದರು. ಅವರ ಜಾಕೆಟ್ಟುಗಳು ತೊಟ್ಟಿಕ್ಕುತ್ತ ಹಿಂದಿರುಗಿದವು.

ಅಕ್ಷಯ ಇದನ್ನೆಲ್ಲ ಕ್ಯಾಮೆರಾದಲ್ಲಿ ನೋಡಿದ್ದ. ಸಂಜೆ ಕರೆಸಿದಾಗ, ಕೌಂಟರ್ ಬಿಟ್ಟು ಹೋದದ್ದಕ್ಕೆ ಕೆಲಸದಿಂದ ತೆಗೆಯುತ್ತಾನೆ ಎಂದೇ ಕಸ್ತೂರಿಬಾಯಿ ಹೆದರಿದ್ದಳು.

"ನಾಳೆಯಿಂದ ನೀವು ಕೌಂಟರಿನಲ್ಲಿ ನಿಲ್ಲುವುದು ಬೇಡ. ಒಳಗೇ ಇರಿ," ಎಂದ.

"ಒಳಗ ಏನ ಮಾಡ್ಲಿರಿ ಸರ?"

"ಇವತ್ತು ಎಂತ ಮಾಡಿದ್ರೋ ಅದನ್ನೇ ಮಾಡಿ. ಅಷ್ಟು ಸಾಕು."

ಅಲ್ಲಿಂದ ಅವಳಿಗೆ ಕೆಂಪು ಜಾಕೆಟ್ಟು ಬಂತು. ಹಿಮಾಚಲದಿಂದ ಒಂದು ತಿಂಗಳಿಗೆಂದು ಬಂದಿದ್ದ ತರಬೇತಿದಾರನಿಂದ ಗಿಡ್ಡ ಸ್ಕೀ ಹಲಗೆ ಕಟ್ಟಿಕೊಂಡು ಇಳಿಯುವುದನ್ನು ಕಲಿತಳು. ನಿಲ್ಲಬೇಕಾದರೆ ಎರಡೂ ಹಲಗೆಗಳ ತುದಿಯನ್ನು ಮುಂದೆ ಕೂಡಿಸಬೇಕು, ಹಿಂದೆ ಅಗಲಿಸಬೇಕು. ಅದು ಕೈವಶವಾಗುವಷ್ಟರಲ್ಲಿ ಅವಳ ತೊಡೆಯೆಲ್ಲ ನೀಲಿಗಟ್ಟಿತ್ತು. ರಬ್ಬರ್ ಟ್ಯೂಬಿನಲ್ಲಿ ಕೂರಿಸಿ ಮಕ್ಕಳನ್ನು ಇಳಿಸುವುದು, ಹಗ್ಗ ಕಟ್ಟಿದ ಜಾರುಗಾಡಿ ಎಳೆಯುವುದು, ಹಿಮದ ಉಂಡೆ ಕಟ್ಟಿಕೊಡುವುದು, ಅಜ್ಜಿಯರನ್ನು ಪುಸಲಾಯಿಸಿ ಇಳಿಜಾರಿಗೆ ಹತ್ತಿಸುವುದು, ಎಲ್ಲವೂ ಅವಳದೇ. ಅಪ್ಪ ಅಮ್ಮ ಆಡದೆ ನಿಂತಿದ್ದರೆ ಅವಳು ಸುಮ್ಮನಿರುತ್ತಿರಲಿಲ್ಲ. ಒಂದು ವರ್ಷದೊಳಗೆ ಭಾನುವಾರಗಳಲ್ಲಿ ಒಳಗೆ ಕಾಲಿಡಲು ಜಾಗವಿಲ್ಲದಂತಾಯಿತು. ಮೌಶಿ ಎಲ್ಲಿ ಎಂದು ಕೇಳಿಕೊಂಡೇ ಬರುವ ಮಕ್ಕಳಿದ್ದರು.

ಬೇರೆಯವರ ಉತ್ಸಾಹ ಎಬ್ಬಿಸುವುದು ಬುಟ್ಟಿ ಹೊರುವುದಕ್ಕಿಂತ ಭಾರದ ಕೆಲಸ ಎಂಬುದು ಅವಳಿಗೆ ಆಮೇಲೆ ತಿಳಿಯಿತು. ಬುಟ್ಟಿ ಹೊರುವಾಗ ಮುಖ ಹೇಗಿದ್ದರೂ ನಡೆಯುತ್ತಿತ್ತು. ಇಲ್ಲಿ ಪ್ರತಿ ಮಗುವಿಗೂ ಅವಳ ನಗು ಬೆಳಗಿನ ಮೊದಲ ನಗುವಿನಂತೆಯೇ ಇರಬೇಕು. ಬರ್ರಿ, ಏರ್ರಿ, ಬೀಳ್ರಿ, ಏಳ್ರಿ ಎಂದು ಹಗಲೆಲ್ಲ ಹೇಳಿ, ಮನೆಗೆ ಬಂದರೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಜೋಗೇಶ್ವರಿಯಲ್ಲೇ ಒಂದು ಬಿಲ್ಡಿಂಗಿನ ವಾಚ್‌ಮನ್ ಆಗಿದ್ದ ಭೀಮರಾಯ, ಅವಳು ಚಹಾ ಕುಡಿದು ಲೋಟ ಕೆಳಗಿಡುವವರೆಗೆ ಏನನ್ನೂ ಕೇಳಬಾರದು ಎಂಬುದನ್ನು ಕಲಿತುಕೊಂಡಿದ್ದ.

ಹೀಗಿದ್ದವಳಿಗೆ ಕಳೆದ ಡಿಸೆಂಬರಿನಲ್ಲಿ ಒಂದು ಆಸೆ ಹುಟ್ಟಿತು. ಚಾಳಿನ ಮಕ್ಕಳು ದಿನವೂ ಹಿಮದ, ಅವುಗಳ ಬಾಯಲ್ಲಿ ಬರ್ಫಿನ, ಸುದ್ದಿ ಕೇಳುತ್ತಿದ್ದವು. ಅವು ಹೋಗುತ್ತಿದ್ದದ್ದು ಹತ್ತಿರದ ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ. ಮಾಸ್ತರ ಶಿವಪುತ್ರಪ್ಪನವರನ್ನು ಕಂಡು, ಮಕ್ಕಳನ್ನು ಒಮ್ಮೆ ಕಳಿಸುತ್ತೀರಾ ಎಂದು ಕೇಳಿದಳು. ಅವರು ಒಪ್ಪಿದರು. ವಾರದ ದಿನ ಬೆಳಿಗ್ಗೆ ಪಾರ್ಕು ಖಾಲಿ ಇರುತ್ತದೆ, ಯಂತ್ರವಂತೂ ಓಡುತ್ತಲೇ ಇರುತ್ತದೆ, ಮಕ್ಕಳನ್ನು ಪುಕ್ಕಟೆ ಬಿಡಿ ಎಂದು ಅಕ್ಷಯನ ಹಿಂದೆ ಬಿದ್ದಳು. ಅವನು ಮಾಲೀಕರನ್ನು ಕೇಳಿ ಬಂದು ಒಂದೇ ಷರತ್ತು ಹಾಕಿದ. ಮೂವತ್ತೆಂಟು ಮಕ್ಕಳನ್ನು ನೋಡಿಕೊಳ್ಳಲು ತನ್ನಲ್ಲಿ ಜನವಿಲ್ಲ, ತಾಯಂದಿರೂ ಬರಬೇಕು.

ತಾಯಂದಿರನ್ನು ಒಪ್ಪಿಸುವುದೇ ಕಷ್ಟವಾಯಿತು. ಎಲ್ಲರೂ ಕೂಲಿಗೆ, ಮನೆಗೆಲಸಕ್ಕೆ ಹೋಗುವವರು. ಹನ್ನೆರಡು ವರ್ಷ ಅವಳ ಜೊತೆ ಬುಟ್ಟಿ ಹೊತ್ತ ಕಾಶವ್ವ, ಕೆಲಸ ಬಿಟ್ಟು ಬರ್ಫಿನಲ್ಲಿ ಹೊರಳಾಡಲು ತನಗೇನು ಹುಚ್ಚೇ ಎಂದು ಕೇಳಿದಳು. ಆದರೂ ಮಗಳು ಶೈಲಾ ಬಿಡದ್ದರಿಂದ ಬಂದಳು.

ಆ ದಿನ ಕಸ್ತೂರಿಬಾಯಿಗೆ ಮೂರು ದಿನದ ಜ್ವರ. ಎದೆಯಲ್ಲಿ ಗೊರಗೊರ. ರಜೆ ಹಾಕಿದರೆ ಎಲ್ಲವೂ ಮುರಿದುಬೀಳುತ್ತದೆ ಎಂದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹೋಗಿದ್ದಳು. ತಾಯಂದಿರಿಗೆ ಸೀರೆಯ ಕಚ್ಚೆ ಹಾಕಿಸಿ, ಮೇಲೆ ಜಾಕೆಟ್ಟು ತೊಡಿಸಿ ಎಲ್ಲರನ್ನೂ ಒಳಗೆ ಬಿಟ್ಟದ್ದಾಯಿತು. ಮಕ್ಕಳು ಹಿಮಕ್ಕೆ ಬಿದ್ದರು. ತಾಯಂದಿರು ಗೋಡೆಯ ಬದಿಯ ಬೆಂಚಿನ ಮೇಲೆ ಸಾಲಾಗಿ ಕೂತು ಕೈಯನ್ನು ಕಂಕುಳಿಗೆ ಸೇರಿಸಿಕೊಂಡರು. ಇರಲಿ ಬಿಡು, ಇವರೂ ದಣಿದವರೇ, ಕೂತುಕೊಳ್ಳಲಿ ಎಂದು ಕಸ್ತೂರಿಬಾಯಿಗೂ ಅನ್ನಿಸಿತು. ಎಬ್ಬಿಸುವ ಶಕ್ತಿ ಅವಳಲ್ಲಿರಲಿಲ್ಲ.

ಅಷ್ಟರಲ್ಲಿ ಇಳಿಜಾರಿನ ಅರ್ಧಕ್ಕೆ ಏರಿದ್ದ ಶೈಲಾ ಅಲ್ಲೇ ಕೂತುಬಿಟ್ಟಳು. ಮೇಲೂ ಹೋಗಲಾರಳು, ಕೆಳಗೂ ಇಳಿಯಲಾರಳು. ಅವ್ವಾ ಎಂದು ಒಂದೇ ಸಮನೆ ಕರೆಯುತ್ತಿದ್ದಳು. ಕಾಶವ್ವ ಎದ್ದು ನಿಂತು ಕಸ್ತೂರಿಬಾಯಿಯ ಮುಖ ನೋಡಿದಳು.

"ನೀನ ಹೋಗಿ ಕರಕೊಂಡು ಬಾ," ಅಂದಳು ಕಸ್ತೂರಿಬಾಯಿ. "ಸ್ಲ್ಯಾಬ ಹಾಕೂ ದಿನ ಹಲಿಗಿ ಮ್ಯಾಲ ಏರತಿದ್ದೆಲ್ಲ, ಹಂಗ ಏರ. ಹಿಂದ ನಾ ಇರ್ತೀನಿ."

ಕಾಶವ್ವ ಪಾದ ಅಡ್ಡ ಹಾಕಿ ಏರತೊಡಗಿದಳು. ಅದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಡುವೆ ಒಂದು ಕಡೆ ನಿಂತು, ಎರಡೂ ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಎತ್ತಿ, ಮತ್ತೆ ಕೆಳಗಿಳಿಸಿದಳು.

"ತಲಿ ಮ್ಯಾಲ ಏನೂ ಇಲ್ದ ಏರೂದು ಒಂಥರಾ ಆಗತದ ನೋಡವಾ."

ಅರ್ಧದಲ್ಲಿ ಕೂತಿದ್ದ ಶೈಲಾಳನ್ನು ಇಬ್ಬರೂ ಸೇರಿ ಎಬ್ಬಿಸಿದರು. ಮೂವರೂ ತುದಿ ಮುಟ್ಟಿದರು. ಕಸ್ತೂರಿಬಾಯಿ ತಾಯಿ ಮಗಳಿಬ್ಬರನ್ನೂ ಒಂದೇ ಟ್ಯೂಬಿನಲ್ಲಿ ಕೂರಿಸಿ ಮೆಲ್ಲಗೆ ದೂಡಿದಳು. ಟ್ಯೂಬು ಕೆಳಗೆ ಹೋಗಿ ನಿಂತ ಮೇಲೂ ಕಾಶವ್ವ ಬಹಳ ಹೊತ್ತು ಏಳಲಿಲ್ಲ. ಆಮೇಲೆ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಮತ್ತೆ ಏರಲು ಬಂದಳು. ಅದನ್ನು ನೋಡಿ ಬೆಂಚಿನಿಂದ ಒಬ್ಬಳು ಎದ್ದಳು, ಇನ್ನೊಬ್ಬಳು ಎದ್ದಳು. ಬೆಂಚು ಖಾಲಿಯಾಯಿತು. ಶಿವಪುತ್ರಪ್ಪ ಮಾಸ್ತರರ ಟೋಪಿಗೆ ಯಾರೋ ಹಿಮದ ಉಂಡೆ ಎಸೆದರು. ಎಸೆದದ್ದು ಮಕ್ಕಳಲ್ಲ, ತಾಯಂದಿರೇ ಎಂದು ಮಾಸ್ತರರು ಆಮೇಲೆ ಹೇಳಿದರು.

ಕಸ್ತೂರಿಬಾಯಿ ಹದಿನಾರು ಸಲವೋ ಹದಿನೆಂಟು ಸಲವೋ ಏರಿ ಇಳಿದಳು. ಕೊನೆಗೆ ಬುಡದಲ್ಲಿ ಕೂತವಳಿಗೆ ಏಳಲಾಗಲಿಲ್ಲ. ಮೌಶಿ ಆಟಕ್ಕೆ ಕೂತಿದ್ದಾಳೆಂದು ಮಕ್ಕಳು ಮೈಮೇಲೆ ಬಿದ್ದರು. ಅವಳು ನಗಲು ನೋಡಿದಳು, ಕೆಮ್ಮು ಬಂತು, ಕೆಮ್ಮು ನಿಲ್ಲಲಿಲ್ಲ. ಮಕ್ಕಳನ್ನು ಸರಿಸಿ ಮುಖ ನೋಡಿದವಳು ಕಾಶವ್ವ. ಒಂದು ಜಾರುಗಾಡಿ ಎಳೆದುತಂದು, ಇಬ್ಬರು ಹೆಂಗಸರನ್ನು ಕರೆದು ಅವಳನ್ನು ಎತ್ತಿ ಕೂರಿಸಿದಳು. ಬೇಡ ಬೇಡ, ನಾನೇ ನಡೆಯುತ್ತೇನೆ ಎಂದು ಕಸ್ತೂರಿಬಾಯಿ ಎರಡು ಸಲ ಹೇಳಿದಳು, ಮೂರನೆಯ ಸಲ ಹೇಳಲಿಲ್ಲ. ಅವಳಲ್ಲಿ ಬೇರೆ ಯಾವ ಭಾವನೆಯೂ ಏಳಲಿಲ್ಲ. ಬೇರೆಯವರು ಹಗ್ಗ ಹಿಡಿದಿದ್ದಾರೆ, ತಾನೀಗ ಯಾರನ್ನೂ ದೂಡಬೇಕಾಗಿಲ್ಲ ಎಂಬುದಷ್ಟೇ ತಿಳಿಯಿತು. ಬಾಗಿಲು ಬರುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದಳು.

ಎದೆಗೆ ನಂಜು ಏರಿದೆ, ಮೊಣಕಾಲಿನ ಗಾದಿ ಸವೆದಿದೆ, ಇನ್ನು ಚಳಿಯೊಳಗೆ ಕಾಲಿಡಬಾರದು ಎಂದು ಡಾಕ್ಟರು ಹೇಳಿದರು. ಹದಿನೈದು ದಿನ ಮಲಗಿದಳು. ಆಮೇಲೆ ಹೋಗಿ ಅಕ್ಷಯನ ಮುಂದೆ ತಾನಾಗಿಯೇ ಹೇಳಿದಳು, ಒಳಗಿನ ಕೆಲಸ ಇನ್ನು ತನ್ನಿಂದಾಗದು ಎಂದು. ಅವನು ಕುರ್ಚಿ ಎಳೆದು ಅವಳನ್ನು ಕೂರಿಸಿದ.

"ಕೌಂಟರ್ ಉಂಟಲ್ಲ ಮಾರಾಯ್ರೆ. ನೀವು ಹೊರಗೆ ನಿಂತರೂ ಸಾಕು ನನಗೆ. ಒಳಗಿನವರಿಗೆ ಮಾತ್ರ ನೀವೇ ಕಲಿಸಿಕೊಡಬೇಕು."

ಟಿಕೆಟ್ ಕೊಡುತ್ತಿದ್ದ ಸೋನಾಲಿ ಎಂಬ ಮರಾಠಿ ಹುಡುಗಿಗೆ ಕೆಂಪು ಜಾಕೆಟ್ಟು ಹೋಯಿತು. ಕಸ್ತೂರಿಬಾಯಿ ಬಾಗಿಲ ಹೊರಗೆ ನಿಂತು, ಗಾಜಿನಾಚೆಗೆ ಕೈಸನ್ನೆ ಮಾಡಿ ನಾಲ್ಕು ದಿನ ಕಲಿಸಿದಳು. ಸೋನಾಲಿಯ ದನಿ ದೊಡ್ಡದು, ಉತ್ಸಾಹವೂ ದೊಡ್ಡದು. ಮೊದಲು ಮಗುವಿನೆತ್ತರಕ್ಕೆ ಕೂರು, ಆಮೇಲೆ ಮಾತಾಡು ಎಂದು, ಹೊರಬಂದಾಗಲೆಲ್ಲ ಅವಳಿಗೆ ಹಿಂದಿಯಲ್ಲಿ ಎಷ್ಟು ಸಲ ಹೇಳಿದಳೋ. ಐದನೆಯ ದಿನ ಹುಡುಗಿ ಒಂದು ಮಗುವಿನೆದುರು ತಾನಾಗಿಯೇ ಕೂತಳು.

ಜನವರಿಯ ಕೊನೆಗೆ ಶಾಲೆಯ ಎರಡನೆಯ ತಂಡ ಬಂತು. ಈ ಸಲ ತಾಯಂದಿರ ಮುಂದೆ ಕಾಶವ್ವ ಇದ್ದಳು. ಅವಳ ಮಗಳ ಸರದಿ ಆಗಲೇ ಮುಗಿದಿತ್ತು, ಆದರೂ ಬಂದಿದ್ದಳು. ಹೊಸಬರಿಗೆ ಕಚ್ಚೆ ಹಾಕುವುದು ಹೇಗೆ, ಬೂಟಿನೊಳಗೆ ಕಾಲುಚೀಲ ಎಳೆಯುವುದು ಹೇಗೆ ಎಂದು ಅವಳೇ ತೋರಿಸಿ ಎಲ್ಲರನ್ನೂ ಒಳಗೆ ನಡೆಸಿಕೊಂಡು ಹೋದಳು. ದಪ್ಪ ಬಾಗಿಲು ಮುಚ್ಚಿತು. ಒಳಗಿನ ಗದ್ದಲ ಹೊರಗೆ ಸಣ್ಣಗೆ ಕೇಳುತ್ತಿತ್ತು.

ಕಸ್ತೂರಿಬಾಯಿ ಸ್ಟೂಲಿನ ಮೇಲೆ ಕೂತು ಕಾಲು ನೀಡಿದಳು. ಅವಳಿಗೆ ಕಣ್ಣೆಳೆಯಿತು. ಎಷ್ಟು ಹೊತ್ತಾಯಿತೋ, ಯಾರೋ ಕೌಂಟರಿನ ಮೇಲೆ ಬೆರಳು ಬಡಿದರು. ಎರಡು ಸಣ್ಣ ಮಕ್ಕಳ ಕೈ ಹಿಡಿದ ಒಬ್ಬ ತಂದೆ, ಒಳಗೆ ತುಂಬ ಚಳಿ ಇರುತ್ತದೆಯೇ, ಮಕ್ಕಳು ಅಳುವುದಿಲ್ಲ ತಾನೆ ಎಂದು ಹಿಂದಿಯಲ್ಲಿ ಕೇಳಿದ. ಚಳಿ ಇರುತ್ತದೆ, ಮೊದಲು ಸ್ವಲ್ಪ ಅಳಬಹುದು ಎಂದು ಅವಳು ಹೇಳಿದಳು. ಮಕ್ಕಳ ಅಳತೆಯ ಎರಡು ಜೊತೆ ಬೂಟು ತೆಗೆದಿಟ್ಟು, ನೀವೂ ಜೊತೆಗೆ ಬೀಳಬೇಕು, ನಿಮ್ಮ ಪಾದದ ಅಳತೆ ಎಷ್ಟು ಎಂದು ಕೇಳಿದಳು.